ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಹೆಸರೂ ಇರಲಿ



ಡಿಸೆಂಬರ್ ಕೊನೆಯ ವಾರ ಒಬ್ಬ ಸದಸ್ಯೆಯ ಮನೆಗೆ ಗಬ್ಬದ ಪರೀಕ್ಷೆಗೆ ಹೋಗಿದ್ದೆ. ಕೊಟ್ಟಿಗೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದರು. ಅದರ ತುಂಬಾ ಪೆನ್ನಿನ ಗುರುತು. ಕೆಂದ ಹಸು ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಕರುವಿಗೆ ಜಂತಿನ ಔಷಧಿ ಕುಡಿಸಿದ ದಿನ, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನ, ಎಲ್ಲವೂ ಅದರಲ್ಲಿತ್ತು. ನಾನು ಕೇಳಿದ್ದಕ್ಕೆ ಆ ಅಕ್ಕ ಕ್ಯಾಲೆಂಡರ್ ಕಡೆ ನೋಡದೆಯೇ ಬಾಯಲ್ಲೇ ಲೆಕ್ಕ ಒಪ್ಪಿಸಿದರು. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಹೋದ ವಾರ ಫ್ಯಾಟ್ ಎಷ್ಟು ಬಂತು ಎಂದು ಕೂಡ ಹೇಳಿದರು.

ಹಸು ಮೂರು ತಿಂಗಳ ಗಬ್ಬ ಎಂದು ಹೇಳಿ ಕೈ ತೊಳೆಯುತ್ತಾ, "ಅಕ್ಕಾ, ನೀವು ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ನಮಗೇನಾಗೈತೆ ಡಾಕ್ಟ್ರಮ್ಮ, ಓಡಾಡ್ಕೊಂಡಿದೀವಲ್ಲ" ಎಂದರು. ಹಾಗೆನ್ನುತ್ತಾ ಕೂತಲ್ಲಿಂದ ಎದ್ದವರು ಕಣ್ಣು ಮುಚ್ಚಿ ಒಂದು ಗಳಿಗೆ ಕಂಬ ಹಿಡಿದು ನಿಂತರು. ಎದ್ದು ನಿಂತಾಗ ಕತ್ತಲೆ ಕಟ್ಟುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದೊಂದು ತೊಂದರೆ ಎಂದೇ ಅವರಿಗೆ ಅನ್ನಿಸಿರಲಿಲ್ಲ.

ಈ ಸಂಚಿಕೆಗೆ ಚಳಿಗಾಲದಲ್ಲಿ ಎಳೆಗರುಗಳ ಆರೈಕೆಯ ಬಗ್ಗೆ ಬರೆಯಬೇಕೆಂದಿದ್ದೆ. ಅದು ಮುಂದಿನ ತಿಂಗಳಿಗಿರಲಿ. ಈ ಸಲ ಕರುವಿನ ಬದಲು ನಿಮ್ಮ ಬಗ್ಗೆಯೇ ಬರೆಯುತ್ತೇನೆ. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಬರೆಯುವ ಅಧಿಕಾರ ನನಗಿಲ್ಲ. (ಹಸುವಿಗೆ ಕೊಟ್ಟು ಮಿಕ್ಕ ನೋವಿನ ಇಂಜೆಕ್ಷನ್ನನ್ನು ನನ್ನ ಮಂಡಿಗೂ ಒಂದಿಷ್ಟು ಹಾಕಿ ಎಂದು ಕೇಳುವವರು ಈಗಲೂ ಇದ್ದಾರೆ. ದಯವಿಟ್ಟು ಕೇಳಬೇಡಿ, ಯಾರಾದರೂ ಕೊಟ್ಟರೂ ಹಾಕಿಸಿಕೊಳ್ಳಬೇಡಿ.) ಆದರೆ ದಿನವೂ ನಿಮ್ಮ ಕೊಟ್ಟಿಗೆಗೆ ಬರುವವಳಾಗಿ ಒಂದು ಮಾತು ಹೇಳಬಲ್ಲೆ. ಒಂದು ಜೀವವನ್ನು ನೋಡಿಕೊಳ್ಳುವುದು ಹೇಗೆ ಎಂದು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹಸುವಿಗೆ ಮಾಡುವುದರಲ್ಲಿ ಕಾಲುಭಾಗವನ್ನು ನಿಮಗೆ ನೀವು ಮಾಡಿಕೊಂಡರೆ ಈ ವರ್ಷಕ್ಕೆ ಸಾಕು.

ಮೇವು ಬದಲಿಸುವ ಹಾಗೆ

ಜನವರಿ ಒಂದನೇ ತಾರೀಖು ಎಲ್ಲರಿಗೂ ಹುರುಪು ಬರುತ್ತದೆ. ನಾಳೆಯಿಂದ ಸಕ್ಕರೆ ಮುಟ್ಟುವುದಿಲ್ಲ, ಅನ್ನ ಬಿಡುತ್ತೇನೆ, ದಿನಕ್ಕೆ ಒಂದು ಗಂಟೆ ನಡೆಯುತ್ತೇನೆ, ಹತ್ತು ಕೆ.ಜಿ. ಇಳಿಸುತ್ತೇನೆ. ಸಂಕ್ರಾಂತಿಯ ಎಳ್ಳುಬೆಲ್ಲ ಬರುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತದೆ. ಹೋದ ವರ್ಷ ನಾನೂ ಬೆಳಗ್ಗೆ ಐದಕ್ಕೆ ಎದ್ದು ನಡೆಯುವ ಸಂಕಲ್ಪ ಮಾಡಿ ಹೊಸ ಶೂ ತಂದಿದ್ದೆ. ಆರನೆಯ ದಿನ ರಾತ್ರಿ ಎರಡು ಗಂಟೆಗೆ ಕರು ಅಡ್ಡ ಸಿಕ್ಕಿದೆ ಎಂದು ಕರೆ ಬಂತು. ಮನೆಗೆ ಬಂದಾಗ ಬೆಳಕಾಗಿತ್ತು. ಅವತ್ತು ನಿಂತ ನಡಿಗೆ ಮತ್ತೆ ಶುರುವಾಗಲಿಲ್ಲ. ಆಮೇಲೆ ಎರಡು ತಿಂಗಳು ಆ ಶೂ ನೋಡಿದಾಗಲೆಲ್ಲ ನನಗೆ ನಾನೇ ಬೈದುಕೊಂಡೆ. ಕೆಲಸಕ್ಕೆ ಬಾರದ ಬೈಗುಳ ಅದು.

ಯೋಚಿಸಿದರೆ, ನಾನು ಮಾಡಿದ್ದು ಹಸುವಿನ ವಿಷಯದಲ್ಲಿ ನಿಮಗೆ ಬೇಡ ಎಂದು ಹೇಳುವ ಕೆಲಸವನ್ನೇ. ಒಣಹುಲ್ಲು ತಿನ್ನುತ್ತಿದ್ದ ಹಸುವಿಗೆ ಒಂದೇ ದಿನ ಬುಟ್ಟಿಗಟ್ಟಲೆ ಪಶು ಆಹಾರ ಸುರಿದರೆ ಏನಾಗುತ್ತದೆ? ಹೊಟ್ಟೆ ಹುಳಿಯಾಗುತ್ತದೆ, ಮೆಲುಕು ನಿಲ್ಲುತ್ತದೆ, ಹಾಲು ಇಳಿಯುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವನ್ನು ಕರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲನ್ನು ಕರಗಿಸುವವು ಬೇರೆ, ಕಾಳಿನ ಹಿಟ್ಟನ್ನು ಕರಗಿಸುವವು ಬೇರೆ. ಹೊಸ ಮೇವಿಗೆ ತಕ್ಕವು ಬೆಳೆದು ನಿಲ್ಲಲು ಎರಡು ವಾರವಾದರೂ ಬೇಕು. ಅದಕ್ಕೇ ಹಳೆಯದನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸಿ ಎನ್ನುವುದು.

ನಿಮ್ಮ ದಿನವೂ ಹಾಗೇ ಕಟ್ಟಿಕೊಂಡಿದೆ. ಬೆಳಗ್ಗೆ ಸಗಣಿ ಬಾಚುವುದರಿಂದ ರಾತ್ರಿ ಮೇವು ಹಾಕುವವರೆಗೆ ಅದರಲ್ಲಿ ಖಾಲಿ ಜಾಗವೇ ಇಲ್ಲ. ಅದರೊಳಗೆ ಒಂದು ಗಂಟೆಯ ವ್ಯಾಯಾಮವನ್ನು ತುರುಕಿದರೆ ಅದು ನಿಲ್ಲುವುದಿಲ್ಲ. ತಪ್ಪು ನಿಮ್ಮ ಮನಸ್ಸಿನದಲ್ಲ, ಲೆಕ್ಕದ್ದು.

ಇನ್ನೊಂದು ಮಾತು. "ಹಾಲು ಜಾಸ್ತಿ ಆಗಬೇಕು" ಎನ್ನುವುದು ಆಸೆ. "ಲೀಟರಿಗೆ 400 ಗ್ರಾಂ ಪಶು ಆಹಾರ ತೂಗಿ ಹಾಕುತ್ತೇನೆ" ಎನ್ನುವುದು ಕೆಲಸ. "ಈ ವರ್ಷ ಆರೋಗ್ಯವಾಗಿರಬೇಕು" ಎನ್ನುವುದೂ ಬರೀ ಆಸೆಯೇ. ಅದನ್ನು ಇವತ್ತು ಸಂಜೆ ಮಾಡಬಹುದಾದ ಸಣ್ಣ ಕೆಲಸವಾಗಿ ಇಳಿಸಿಕೊಳ್ಳಿ. ಆ ಕೆಲಸವನ್ನು ಹಾಲು ಕರೆಯುವ ಹೊತ್ತಿಗೆ ಗಂಟು ಹಾಕಿ. ಹಬ್ಬವಿರಲಿ, ಸಾವಿರಲಿ, ಮದುವೆಯಿರಲಿ, ದಿನಕ್ಕೆ ಎರಡು ಹೊತ್ತು ನೀವು ಹಾಲು ಕರೆಯುವುದು ತಪ್ಪುವುದಿಲ್ಲ. ಇಷ್ಟು ಗಟ್ಟಿಯಾದ ಗೂಟ ಪೇಟೆಯವರಿಗೆ ಸಿಕ್ಕುವುದಿಲ್ಲ.

ಉದಾಹರಣೆಗೆ ನೀರು. ಬೆಳಗ್ಗೆ ಒಂದು ಲೋಟ ಟೀ ಕುಡಿದರೆ ಮಧ್ಯಾಹ್ನದವರೆಗೆ ಹನಿ ನೀರು ಮುಟ್ಟದವರು ನಿಮ್ಮಲ್ಲಿ ಎಷ್ಟೋ ಜನ. ಹೊಲದಲ್ಲಿ ಹೋಗಲು ಜಾಗವಿಲ್ಲ ಎಂದು ಬೇಕೆಂದೇ ಕುಡಿಯದವರೂ ಇದ್ದಾರೆ. ಉರಿಮೂತ್ರ ಮರುಕಳಿಸುವುದಕ್ಕೆ ಇದೂ ಒಂದು ಕಾರಣ. ಹಸುವಿನ ಮುಂದೆ ನೀರಿನ ಬಕೆಟ್ ಇಟ್ಟಾಗ ನೀವೂ ಒಂದು ಚೊಂಬು ಕುಡಿಯಿರಿ. ಹಾಲು ಕೊಡುವ ಹಸುವಿಗೆ ನೀರು ಕಡಿಮೆಯಾದರೆ ಸಂಜೆ ಹಾಲಿನಲ್ಲೇ ಗೊತ್ತಾಗುತ್ತದೆ. ನಿಮಗೆ ಕಡಿಮೆಯಾದರೆ ಅಳೆಯುವವರು ಯಾರೂ ಇಲ್ಲ.

ಮೊದಲು ನೋಡಿಸಿಕೊಳ್ಳಿ

ಹಸು ಮೇವು ಬಿಟ್ಟಿದೆ ಎಂದು ಕರೆದಾಗ ನಾನು ಬಂದ ಕೂಡಲೇ ಔಷಧಿ ಕೊಡುವುದಿಲ್ಲ. ಮೊದಲು ಥರ್ಮಾಮೀಟರ್ ಇಡುತ್ತೇನೆ, ಕಣ್ಣಿನ ರೆಪ್ಪೆ ತಿರುಗಿಸಿ ಬಣ್ಣ ನೋಡುತ್ತೇನೆ. ನಿಮ್ಮ ವರ್ಷವೂ ಹಾಗೇ ಶುರುವಾಗಲಿ. ಏನನ್ನೂ ಬಿಡುವ ಮೊದಲು, ಏನನ್ನೂ ಹಿಡಿಯುವ ಮೊದಲು, ಈ ತಿಂಗಳು ಒಂದು ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ನೋಡಿಸಿಕೊಳ್ಳಿ: ರಕ್ತದ ಹಿಮೋಗ್ಲೋಬಿನ್, ಬಿ.ಪಿ., ಸಕ್ಕರೆ. ಮೂವತ್ತು ದಾಟಿದವರು ಸ್ತನ, ಗರ್ಭಕೊರಳು ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆಯನ್ನೂ ಕೇಳಿ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರು ಬಾಯಿ ತೋರಿಸಲು ಸಂಕೋಚಪಡಬೇಡಿ. ಹೇಗೆ, ಎಲ್ಲಿ ಎಂದು ಗೊತ್ತಾಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೆ ನೋಡಿಸಿ ವೈದ್ಯರ ಮಾತು ಕೇಳಬೇಕು. ಬೆಳಗ್ಗೆ ಖಾಲಿ ಹೊಟ್ಟೆಯ ಸಕ್ಕರೆ 100ರೊಳಗಿದ್ದರೆ ಸರಿ, 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಲೆಕ್ಕ. ಇವೆರಡಕ್ಕೂ ಬಹಳ ಕಾಲ ನೋವೂ ಇರುವುದಿಲ್ಲ, ಸದ್ದೂ ಇರುವುದಿಲ್ಲ. ಕೆಚ್ಚಲು ಊದಿಕೊಳ್ಳುವ ಮೊದಲೇ ಒಳಗೊಳಗೇ ಹಾಲು ಕೆಡಿಸುವ ಕೆಚ್ಚಲು ಬಾವು ಇರುತ್ತದಲ್ಲ, ಹಾಗೆ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಹಿಮೋಗ್ಲೋಬಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂ ಇರಬೇಕು, ಗರ್ಭಿಣಿಗೆ 11. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಕಂಡುಬಂದಿದೆ. ಅಂದರೆ ಡೇರಿಯ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಹತ್ತು ಜನರಲ್ಲಿ ನಾಲ್ಕೈದು ಜನ. ಸುಸ್ತು, ಎದ್ದಾಗ ಕತ್ತಲೆ ಕಟ್ಟುವುದು, ದಿಬ್ಬ ಹತ್ತಿದರೆ ಎದೆ ಡವಡವ, ಸಣ್ಣದಕ್ಕೂ ಸಿಡಿಮಿಡಿ. ಇದನ್ನು ನಾವು ವಯಸ್ಸು ಎನ್ನುತ್ತೇವೆ, ಕೆಲಸ ಎನ್ನುತ್ತೇವೆ, ಹಣೆಬರಹ ಎನ್ನುತ್ತೇವೆ. ಎಷ್ಟೋ ಸಲ ಅದು ಕಬ್ಬಿಣದ ಕೊರತೆ, ಅಷ್ಟೆ.

ಇಲ್ಲಿ ಹಾಲಿನವರು ತಿಳಿಯಬೇಕಾದ ಒಂದು ವಿಷಯವಿದೆ. ಹಾಲಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಕಬ್ಬಿಣ ಬಹಳ ಕಡಿಮೆ. ಒಕ್ಕೂಟದ ಪತ್ರಿಕೆಯಲ್ಲಿ ಹೀಗೆ ಬರೆದಳಲ್ಲ ಎಂದುಕೊಳ್ಳಬೇಡಿ. ಹಾಲು ಕುಡಿಯಲೇಬೇಕು. ಮೂಳೆಗೆ, ಮಾಂಸಖಂಡಕ್ಕೆ ಅದು ಬೇಕು. ಎಲ್ಲವನ್ನೂ ಡೇರಿಗೆ ಹಾಕಿ ಮನೆಗೆ ಟೀಯಷ್ಟು ಮಾತ್ರ ಉಳಿಸಿಕೊಳ್ಳುವ ಮನೆಗಳಲ್ಲಿ, ಉಳಿದದ್ದೂ ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ಹೋಗಿ ಕರೆದವಳಿಗೆ ಪಾತ್ರೆ ತೊಳೆದ ನೀರಷ್ಟೇ ಉಳಿಯುತ್ತದೆ. ಆದರೆ ರಕ್ತಕ್ಕೆ ಹಾಲನ್ನೇ ನಂಬಬೇಡಿ. ಅದಕ್ಕೆ ನುಗ್ಗೆಸೊಪ್ಪು, ಹೊಲದ ಬೆರಕೆ ಸೊಪ್ಪು, ಹುರುಳಿ, ಹೆಸರು, ಅಲಸಂದೆ, ತಿನ್ನುವವರಾದರೆ ಮೊಟ್ಟೆ, ಮಾಂಸ ಬೇಕು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಮುದ್ದೆ ತಿಂದ ಕೂಡಲೇ ಟೀ ಕುಡಿದರೆ ಹತ್ತುವುದಿಲ್ಲ. ಟೀ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಬಿಡುವುದಿಲ್ಲ, ನಾನೂ ಬಿಟ್ಟಿಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಿ. ಈ ವರ್ಷಕ್ಕೆ ಒಂದೇ ಗುರಿ ಸಾಕು ಎನ್ನುವವರಿಗೆ ಇದು ಖರ್ಚಿಲ್ಲದ ಗುರಿ.

ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರೆ ಹಾಲಿನ ಜೊತೆಗೂ ಟೀ ಜೊತೆಗೂ ನುಂಗಬೇಡಿ. ಮಲ ಕಪ್ಪಗಾಗುವುದು ಆ ಮಾತ್ರೆಯ ಗುಣ, ಹೆದರಿ ಬಿಡಬೇಡಿ. ಹೊಟ್ಟೆ ತೊಳಸಿದರೆ ಮಾತ್ರೆ ಎಸೆಯುವ ಬದಲು ವೈದ್ಯರಿಗೆ ಹೇಳಿ, ನುಂಗುವ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಿ ಕೊಡುತ್ತಾರೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ತೂತಿರುವ ಕ್ಯಾನಿಗೆ ಎಷ್ಟು ಹಾಲು ಸುರಿದರೇನು?

ಬಿಟ್ಟು ಬಿಟ್ಟು ಬರುವ ಜ್ವರ

ಈ ಲೇಖನದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ. ಇದು ನನ್ನ ಕೆಲಸಕ್ಕೇ ಸೇರಿದ ವಿಷಯ.

ಎರಡು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯ ಹಸು ಏಳನೇ ತಿಂಗಳಲ್ಲಿ ಕಂದು ಹಾಕಿತ್ತು. ಮಾಸು ಬಿದ್ದಿರಲಿಲ್ಲ. ನನಗೆ ಫೋನ್ ಮಾಡುವ ಮೊದಲೇ ಅವರು ಬರಿಗೈಯಲ್ಲಿ ಅದನ್ನು ಎಳೆದು ತೆಗೆದು, ಸತ್ತ ಕಂದನ್ನು ಹಿತ್ತಲ ತಿಪ್ಪೆಗೆ ಹಾಕಿದ್ದರು. ಒಂದೂವರೆ ತಿಂಗಳ ನಂತರ ಬೇರೆ ಹಸುವಿನ ಕೆಲಸಕ್ಕೆ ಹೋದಾಗ ಅವರು ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮೂರು ವಾರದಿಂದ ಸಂಜೆ ಹೊತ್ತು ಜ್ವರ, ರಾತ್ರಿ ಮೈಯೆಲ್ಲಾ ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು. ಮಾತ್ರೆ ನುಂಗಿದರೆ ನಾಲ್ಕು ದಿನ ಬಿಡುತ್ತದೆ, ಮತ್ತೆ ಬರುತ್ತದೆ. ಎರಡು ಕಡೆ ತೋರಿಸಿದ್ದರು. ತೋರಿಸಿದ ಕಡೆ ಹಸು ಕಂದು ಹಾಕಿದ ಸುದ್ದಿಯನ್ನು ಅವರು ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ. ನಾನು ಒಂದು ಚೀಟಿಯಲ್ಲಿ ಆ ಸಂಗತಿಯನ್ನು ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಎಂದು ಬಂತು. ಆರು ವಾರ ಔಷಧಿ ತೆಗೆದುಕೊಂಡು ಈಗ ಚೆನ್ನಾಗಿದ್ದಾರೆ. ಮೊದಲ ವಾರವೇ ಗೊತ್ತಾಗಿದ್ದರೆ ಆ ಸುಗ್ಗಿಯನ್ನು ಅವರು ಜಗುಲಿಯ ಮೇಲೆ ಕಳೆಯಬೇಕಿರಲಿಲ್ಲ.

ಈ ರೋಗದ ರೋಗಾಣು ಕಂದು ಹಾಕಿದ ಹಸುವಿನ ಮಾಸಿನಲ್ಲಿ, ಸತ್ತ ಕರುವಿನಲ್ಲಿ, ಗರ್ಭದಿಂದ ಸುರಿಯುವ ನೀರಿನಲ್ಲಿ ತುಂಬಿರುತ್ತದೆ. ಕೈಯ ಸಣ್ಣ ಗೀರಿನಿಂದಲೂ ಒಳಗೆ ಹೋಗುತ್ತದೆ, ಕಣ್ಣಿಗೆ ಸಿಡಿದರೂ ಹತ್ತುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಕರೆದ ಹಾಲನ್ನು ಬಿಸಿ ಆರುವ ಮೊದಲೇ ಮಕ್ಕಳಿಗೆ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ನೊರೆಹಾಲು ಶಕ್ತಿ ಎನ್ನುತ್ತಾರೆ. ಬೇಡ, ಉಕ್ಕು ಬರುವಂತೆ ಕಾಯಿಸಿಯೇ ಕೊಡಿ.

ಹಸು ಕಂದು ಹಾಕಿದರೆ ಮುಟ್ಟುವ ಮೊದಲು ನಮಗೆ ಫೋನ್ ಮಾಡಿ. ಮಾಸನ್ನು ನೀವೇ ಎಳೆಯಬೇಡಿ. ಮುಟ್ಟಲೇಬೇಕಾಗಿ ಬಂದರೆ ಕೈಗವಸು ಹಾಕಿ, ಅದಿಲ್ಲದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಕವರನ್ನಾದರೂ ಮೊಣಕೈವರೆಗೆ ಕಟ್ಟಿಕೊಳ್ಳಿ. ಬಾಯಿಗೆ, ಮೂಗಿಗೆ ಬಟ್ಟೆ ಇರಲಿ. ಕಂದು, ಮಾಸು ಎರಡನ್ನೂ ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಬಸುರಿ ಹೆಂಗಸು ಅತ್ತ ಸುಳಿಯಲೇಬಾರದು, ಈ ರೋಗ ಮನುಷ್ಯರಲ್ಲೂ ಗರ್ಭಪಾತ ಮಾಡಿಸಬಹುದು. ನಿಮ್ಮ ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು, 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಕರುವಿಗೆ ಹಾಕುವ ಆ ಲಸಿಕೆ ನಿಮ್ಮ ಆರೋಗ್ಯಕ್ಕೂ ಕಾವಲು.

ಇಷ್ಟಾದರೂ ವಾರ ದಾಟಿದ ಜ್ವರ ಬಂದರೆ, ವೈದ್ಯರ ಮುಂದೆ ಕೂತಾಗ ಒಂದು ವಾಕ್ಯ ಹೇಳಿ: "ನಮ್ಮ ಮನೇಲಿ ದನ ಇದಾವೆ, ಇಂಥ ತಿಂಗಳು ಹಸು ಕಂದು ಹಾಕಿತ್ತು." ವೈದ್ಯರು ಕೇಳದಿದ್ದರೂ ಹೇಳಿ. ಔಷಧಿ ಕೊಟ್ಟರೆ ಜ್ವರ ಬಿಟ್ಟ ಕೂಡಲೇ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಈ ರೋಗ ಮರುಕಳಿಸುತ್ತದೆ.

ಸೊಂಟ ಮತ್ತು ಹೆಬ್ಬೆರಳು

ನಮ್ಮಲ್ಲಿ ಬಹಳ ಜನ ಹೆಬ್ಬೆರಳನ್ನು ಮಡಚಿ ಮೊಲೆತೊಟ್ಟಿಗೆ ಒತ್ತಿ ಹಾಲು ಹಿಂಡುತ್ತಾರೆ. ಹಸುವಿಗೆ ತೊಟ್ಟು ನೋಯುತ್ತದೆ, ಒಳಪೊರೆಗೆ ಪೆಟ್ಟಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ನಿಮ್ಮ ಹೆಬ್ಬೆರಳಿಗೂ ಅದು ಕೆಟ್ಟದ್ದು ಎಂದು ಹೇಳಲು ಮರೆಯುತ್ತಿದ್ದೆ. ವರ್ಷಗಟ್ಟಲೆ ಹಾಗೆ ಒತ್ತಿದ ಹೆಬ್ಬೆರಳಿನ ಬುಡ ನಲವತ್ತಕ್ಕೇ ಹಿಡಿದುಕೊಂಡು, ಸೀರೆಗೆ ಪಿನ್ನು ಹಾಕುವುದೂ ಕಷ್ಟವಾಗುತ್ತದೆ. ಐದು ಬೆರಳೂ ಸೇರಿಸಿ ಮುಷ್ಟಿ ಹಿಡಿದು ಮೇಲಿಂದ ಕೆಳಕ್ಕೆ ಹಿಂಡುವುದು ಹಸುವಿಗೂ ನಿಮಗೂ ಒಳ್ಳೆಯದು. ಮೊದಲು ನಿಧಾನವಾಗುತ್ತದೆ. ಒಂದು ವಾರ ಒಂದು ಹೊತ್ತು ಮಾತ್ರ ಹಾಗೆ ಮಾಡಿ ನೋಡಿ, ಕೈ ತಾನೇ ಕಲಿಯುತ್ತದೆ.

ಕುಕ್ಕರುಗಾಲಿನಲ್ಲಿ ಕೂರುವ ಬದಲು ಗಟ್ಟಿಯಾದ ಚಿಕ್ಕ ಮಣೆಯ ಮೇಲೆ ಕೂತರೆ ಮಂಡಿಗೆ ಭಾರ ತಪ್ಪುತ್ತದೆ. ಹಸುವಿಗೆ ಆದಷ್ಟು ಹತ್ತಿರ ಕೂರಿ, ದೂರದಿಂದ ಬಾಗಿದರೆ ಸೊಂಟವೇ ಕೊಕ್ಕೆಯಾಗುತ್ತದೆ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಎರಡು ಮಾಡಿ ಎರಡು ಸಲ ತನ್ನಿ. ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ಅದಕ್ಕೇ ಇನ್ನೊಂದು ಹೊರೆಯನ್ನು ಮನೆಯಲ್ಲಿ ಬೈಕ್ ಇರುವವರು ತರಲಿ ಎಂದು ನನ್ನ ಸಲಹೆ. ಸೊಂಟದ ನೋವಿನ ಜೊತೆ ಕಾಲು ಜೋಮು ಹಿಡಿದರೆ, ಶಕ್ತಿ ಹೋದಂತೆ ಅನಿಸಿದರೆ ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ, ವೈದ್ಯರಿಗೆ ತೋರಿಸಿ.

ಹಸು ಬೇರೆಯವರ ಕೈಗೂ ಒಗ್ಗಲಿ

ಒಬ್ಬ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ಮುಂದೂಡಿದರು. ಕಾರಣ ದುಡ್ಡಲ್ಲ, ಹೆದರಿಕೆಯೂ ಅಲ್ಲ. "ನಮ್ಮ ಗೌರಿ ನನ್ನ ಕೈ ಬಿಟ್ರೆ ಯಾರಿಗೂ ಹಾಲು ಕೊಡಲ್ಲ ಡಾಕ್ಟ್ರಮ್ಮ." ಅವರು ಹೇಳಿದ್ದು ನೆಪವಲ್ಲ. ಕರುವಿನ ಬಾಯಿ ಅಥವಾ ಪರಿಚಿತ ಕೈ ತಾಗಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸದೂತ ಹೊರಟು ಕೆಚ್ಚಲು ಹಾಲು ಇಳಿಸುತ್ತದೆ. ಹೊಸಬರ ಕೈ ಕಂಡು ಹಸು ಬೆದರಿದರೆ ಅದಕ್ಕೆ ತಡೆ ಬೀಳುತ್ತದೆ. (ಇದಕ್ಕೆ ಅಂಗಡಿಯ ಇಂಜೆಕ್ಷನ್ ಚುಚ್ಚುವ ಚಾಳಿ ಮಾತ್ರ ಬೇಡ.) ಆದರೆ ಹಸು ಕಲಿಯುತ್ತದೆ. ಪಶು ಆಹಾರ ಇಡುವುದು, ಮೈ ತಿಕ್ಕುವುದು, ಕೆಚ್ಚಲು ತೊಳೆಯುವುದು, ಇಷ್ಟನ್ನು ಮೊದಲು ಹದಿನೈದು ದಿನ ಇನ್ನೊಬ್ಬರು ಮಾಡಲಿ, ನೀವು ಪಕ್ಕದಲ್ಲಿರಿ. ಆಮೇಲೆ ವಾರಕ್ಕೊಂದು ಹೊತ್ತು ಅವರೇ ಕರೆಯಲಿ. ಗಂಡನೋ, ಮಗನೋ, ಸೊಸೆಯೋ, ಪಕ್ಕದ ಮನೆಯವರೋ. ಮೊದಮೊದಲು ಅರ್ಧ ಲೀಟರ್ ಕಡಿಮೆ ಬಂದೀತು, ಬರಲಿ.

ಈ ವರ್ಷ ನೀವು ಇಟ್ಟುಕೊಳ್ಳಬಹುದಾದ ಗುರಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಇದೊಂದು ಆದರೆ ಆಸ್ಪತ್ರೆಗೆ ಹೋಗಬಹುದು, ತವರಿಗೆ ಹೋಗಿ ಎರಡು ರಾತ್ರಿ ಮಲಗಬಹುದು, ಜ್ವರ ಬಂದರೆ ಮಲಗಿಯೇ ಇರಬಹುದು. ಗಬ್ಬದ ಹಸುವಿಗೆ ಕರು ಹಾಕುವ ಮೊದಲು ಎರಡು ತಿಂಗಳು ಹಾಲು ಬತ್ತಿಸುತ್ತೀರಿ. ಬಿಡುವು ಕೊಡದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಕಡಿಮೆ ಎಂದು ನಿಮಗೆ ಗೊತ್ತು. ನಿಮಗೆ ಎರಡು ತಿಂಗಳು ಯಾರೂ ಕೊಡುವುದಿಲ್ಲ. ವಾರಕ್ಕೊಂದು ಹೊತ್ತಾದರೂ ಕೇಳಿ ಪಡೆಯಿರಿ.

ಆಸ್ಪತ್ರೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ಯಶಸ್ವಿನಿ ಯೋಜನೆ ಇದೆ. ನೋಂದಣಿಗೆ ಪ್ರತಿ ವರ್ಷ ಕೊನೆಯ ದಿನಾಂಕ ಇರುತ್ತದೆ. ಆಪರೇಷನ್ ಹತ್ತಿರ ಬಂದಾಗ ಓಡುವ ಬದಲು ಈಗಲೇ ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ, ನಿಮ್ಮ ಹೆಸರು ಇದೆಯೋ ಇಲ್ಲವೋ ಕಣ್ಣಾರೆ ನೋಡಿ. ಹಾಲು ನೀವು ಹಾಕಿದರೂ ಸದಸ್ಯತ್ವ ಯಾರ ಹೆಸರಿನಲ್ಲಿದೆ ಎಂಬುದನ್ನೂ ಹಾಗೇ ಒಮ್ಮೆ ನೋಡಿಕೊಳ್ಳಿ.

ತಪ್ಪಿದರೆ ಇನ್ನೊಂದು ಬೆದೆ

ಇಷ್ಟೆಲ್ಲ ಓದಿ ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ. ಒಂದು ತೆಗೆದುಕೊಳ್ಳಿ. ಅದು ತಪ್ಪುತ್ತದೆ, ನನ್ನ ನಡಿಗೆಯ ಹಾಗೆ. ನಾಟಿ ಬರುತ್ತದೆ, ಮಗುವಿಗೆ ಪರೀಕ್ಷೆ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ.

ಹಸುವಿನ ಬೆದೆ ಕಣ್ಣು ತಪ್ಪಿದರೆ ನೀವೇನು ಮಾಡುತ್ತೀರಿ? ಹಸುವಿಗೆ ಬೈಯುವುದಿಲ್ಲ, ಮಾರುವುದೂ ಇಲ್ಲ. ಕ್ಯಾಲೆಂಡರಿನಲ್ಲಿ 21 ದಿನ ಎಣಿಸಿ ಗುರುತು ಹಾಕಿ ಕಾಯುತ್ತೀರಿ. ಎರಡನೇ ಸಲವೂ ನಿಲ್ಲದಿದ್ದರೆ ಏಕೆಂದು ಯೋಚಿಸುತ್ತೀರಿ: ಖನಿಜ ಮಿಶ್ರಣ ಸಾಲದೇ, ಹೊತ್ತು ತಪ್ಪಿತೇ ಎಂದು. ನಿಮ್ಮ ಗುರಿಗೂ ಅದೇ ಲೆಕ್ಕ ಇಡಿ. ತಪ್ಪಿದ ದಿನ ಗುರುತು ಹಾಕಿ, 21 ದಿನದೊಳಗೆ ಮತ್ತೆ ಶುರುಮಾಡಿ. ಮತ್ತೆ ತಪ್ಪಿದರೆ ಗುರಿ ದೊಡ್ಡದಾಯಿತು ಎಂದರ್ಥ, ಅರ್ಧ ಮಾಡಿ. ಅರ್ಧ ಗಂಟೆಯ ನಡಿಗೆ ಆಗದಿದ್ದರೆ ಡೇರಿಗೆ ಹಾಲು ಹಾಕಿ ಬರುವಾಗ ಬೈಕ್ ಹತ್ತದೆ ನಡೆದು ಬನ್ನಿ, ಅಷ್ಟೇ. ನನ್ನ ಶೂ ಈಗ ಜೀಪಿನಲ್ಲಿರುತ್ತದೆ. ಎರಡು ಮನೆಗಳ ನಡುವೆ ಹತ್ತು ನಿಮಿಷ ಸಿಕ್ಕರೆ ನಡೆಯುತ್ತೇನೆ, ವಾರದಲ್ಲಿ ಮೂರು ದಿನ ಸಿಕ್ಕುತ್ತದೆ.

ಕಂಬ ಹಿಡಿದು ನಿಂತ ಆ ಅಕ್ಕನ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಹಿಮೋಗ್ಲೋಬಿನ್ 8.4 ಬಂದಿದೆಯಂತೆ. ವೈದ್ಯರು ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದ್ದಾರೆ. ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ಬಂದಿತ್ತು. ಫೆಬ್ರವರಿ ಹಾಳೆ ಎತ್ತಿ ತೋರಿಸಿದರು. ಕೆಂದ ಹಸುವಿನ ಗುರುತಿನ ಕೆಳಗೆ, ಮಗಳ ಅಕ್ಷರದಲ್ಲಿ, "ಅಮ್ಮ – ರಕ್ತ" ಎಂದು ಬರೆದಿತ್ತು.

ಮುಂದಿನ ಸಲ ನಿಮ್ಮ ಮನೆಗೆ ಗಬ್ಬದ ಪರೀಕ್ಷೆಗೆ ಬಂದಾಗ ಕೈ ತೊಳೆದ ಮೇಲೆ ನಿಮ್ಮ ಕ್ಯಾಲೆಂಡರನ್ನೂ ನೋಡುತ್ತೇನೆ.